ಬಸ್ಸು ಮೊದಲು, ಬ್ಯಾಟರಿ ಆಮೇಲೆ

ಪೇಟೆಯ ವಾಹನಗಳಿಂದ ಬರುವ, ಭೂಮಿಯನ್ನು ಬಿಸಿ ಮಾಡುವ ಹಸಿರುಮನೆ ಅನಿಲವನ್ನು (ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್, ಇಲ್ಲಿ ಚಿಕ್ಕದಾಗಿ ಇಂಗಾಲ) ಸರ್ಕಾರಗಳು ಹೇಗೆ ಕಡಿಮೆ ಮಾಡಬಹುದು ಅಂತ ಈ ಸಲ ಓದುಗರಿಂದ ಪ್ರಶ್ನೆ ಕೇಳಿದ್ದೆವು. ಕಾಸರಗೋಡು, ಮಂಜೇಶ್ವರದ ಕಡೆಯಿಂದ ಜಾಸ್ತಿ ಪತ್ರಗಳು ಬಂದಿವೆ. ಹೊಸೂರು, ಅಕ್ಕಲಕೋಟೆ, ರಾಯದುರ್ಗದಿಂದಲೂ ಬರೆದಿದ್ದಾರೆ. ಕೆಲವಕ್ಕೆ ಇಲ್ಲಿ ಉತ್ತರ ಉಂಟು.

ಪ್ರಶ್ನೆ: ಎಲೆಕ್ಟ್ರಿಕ್ ಬಸ್ಸು ಬರುತ್ತದೆ ಎಂದು ಸರ್ಕಾರಗಳು ಹೇಳುತ್ತಲೇ ಇರುತ್ತವೆ. ಕಾಸರಗೋಡಿನಂಥ ಸಣ್ಣ ಊರಿಗೆ ಅದರಿಂದ ಏನು ಪ್ರಯೋಜನ? ಬಂದರೆ ನಿಜವಾಗಿಯೂ ಇಂಗಾಲ ಕಡಿಮೆಯಾಗುತ್ತದಾ?
– ಒಬ್ಬ ಶಿಕ್ಷಕರು, ವಿದ್ಯಾನಗರ

ಮಾಷ್ಟ್ರೇ, ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಪೆಟ್ರೋಲಿಗೆ ಸುಮಾರು 2.3 ಕಿಲೋ. ಬಸ್ಸು ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ, ಆಗ ಕಿಲೋಮೀಟರಿಗೆ 600 ಗ್ರಾಂ. ಅದರಲ್ಲಿ ನಲವತ್ತು ಜನ ಕೂತಿದ್ದರೆ ತಲೆಗೆ 15 ಗ್ರಾಂ. ಅದೇ ದಾರಿಯಲ್ಲಿ ಒಬ್ಬರೇ ಸ್ಕೂಟರಿನಲ್ಲಿ ಹೋದರೆ, ಲೀಟರಿಗೆ 45 ಕಿಲೋಮೀಟರ್ ಮೈಲೇಜ್ ಇದ್ದರೂ, 50 ಗ್ರಾಂ ದಾಟುತ್ತದೆ. ಕಾರಿನಲ್ಲಿ ಒಬ್ಬರೇ ಹೋದರೆ 150 ಗ್ರಾಂ. ಅಂದರೆ ಹೊಗೆ ಕಾರುವ ಹಳೇ ಡೀಸೆಲ್ ಬಸ್ಸೂ ಜನ ತುಂಬಿಕೊಂಡು ಹೋದರೆ ಕಾರಿಗಿಂತ ಹತ್ತು ಪಾಲು ವಾಸಿ.

ಈಗ ಎಲೆಕ್ಟ್ರಿಕ್ ಬಸ್ಸು. ದೊಡ್ಡ ಬಸ್ಸಿಗೆ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಯೂನಿಟ್ ಕರೆಂಟ್ ಬೇಕು. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟ್ ತಯಾರಾಗುವಾಗ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಯಾಕೆಂದರೆ ಕಲ್ಲಿದ್ದಲಿನ ಪಾಲೇ ಜಾಸ್ತಿ. ಕೇರಳಕ್ಕೆ ಸ್ವಂತ ಜಲವಿದ್ಯುತ್ ಇದ್ದರೂ ಬೇಕಾದ ಕರೆಂಟಿನ ದೊಡ್ಡ ಪಾಲು ಹೊರಗಿನಿಂದ ಬರುವುದು. ಹಾಗಾಗಿ ಇವತ್ತಿನ ಲೆಕ್ಕದಲ್ಲಿ ಇಂಗಾಲದ ಮಟ್ಟಿಗೆ ಎರಡೂ ಹತ್ತಿರಹತ್ತಿರ. ಡೀಸೆಲನ್ನು ನೆಲದಿಂದ ತೆಗೆದು, ಸಂಸ್ಕರಿಸಿ, ಇಲ್ಲಿಗೆ ತರುವಾಗಿನ ಹೊಗೆಯನ್ನೂ ಸೇರಿಸಿದರೆ ಎಲೆಕ್ಟ್ರಿಕ್ ಸ್ವಲ್ಪ ವಾಸಿ ಎನ್ನಬಹುದು. ಇದನ್ನು ಓದಿ ಎಲೆಕ್ಟ್ರಿಕ್ ಬಸ್ಸೇ ಬೇಡ ಎಂದುಕೊಳ್ಳಬೇಡಿ. ಬಸ್ಸು ಒಮ್ಮೆ ಕೊಂಡರೆ ಹತ್ತು ಹನ್ನೆರಡು ವರ್ಷ ಓಡುತ್ತದೆ. ಅಷ್ಟರಲ್ಲಿ ಗಾಳಿ, ಬಿಸಿಲಿನ ಕರೆಂಟು ಇನ್ನೂ ಜಾಸ್ತಿಯಾಗುತ್ತದೆ, ಅದೇ ಬಸ್ಸು ವರ್ಷ ವರ್ಷಕ್ಕೂ ಸ್ವಚ್ಛವಾಗುತ್ತಾ ಹೋಗುತ್ತದೆ. ಡೀಸೆಲ್ ಬಸ್ಸಿಗೆ ಆ ಭಾಗ್ಯ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತವರ ಮೂಗಿಗೆ ಹೊಗೆ ಹೊಡೆಯುವುದೂ ತಪ್ಪುತ್ತದೆ.

ಆದರೆ ಕೇಂದ್ರದ ಯೋಜನೆ ನಮ್ಮ ಊರಿನ ತನಕ ಬರುವುದಿಲ್ಲ. 2023ರ ಆಗಸ್ಟಿನಲ್ಲಿ ಒಪ್ಪಿಗೆ ಸಿಕ್ಕಿದ ಪಿಎಂ ಇ-ಬಸ್ ಸೇವಾ 10,000 ಬಸ್ಸುಗಳ ಯೋಜನೆ. ಅದು 2011ರ ಜನಗಣತಿಯಲ್ಲಿ 3 ಲಕ್ಷ ದಾಟಿದ ನಗರಗಳಿಗೆ, ಜೊತೆಗೆ ಕೆಲವು ರಾಜಧಾನಿಗಳಿಗೆ. ಸುತ್ತಮುತ್ತಲಿನ ಊರುಗಳನ್ನು ಸೇರಿಸಿದರೂ ಕಾಸರಗೋಡು ಆ ಗೆರೆ ಮುಟ್ಟುವುದಿಲ್ಲ. ಸಣ್ಣ ಪೇಟೆಗಳಲ್ಲೇ ಈಗ ಸ್ಕೂಟರ್, ಕಾರು ಹೆಚ್ಚುತ್ತಿರುವುದು, ಅಲ್ಲಿಗೇ ಯೋಜನೆ ಇಲ್ಲ ಅಂದರೆ ಹೇಗೆ?

ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಸರಿಯಾಗಬೇಕಾದದ್ದು ಕೊನೆಯ ಬಸ್ಸು. ಮುಳ್ಳೇರಿಯಾ, ಪೆರ್ಲ, ಬದಿಯಡ್ಕ ಕಡೆಯವರನ್ನು ಕೇಳಿ ನೋಡಿ. ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಗೆ ಬೆಳಗ್ಗೆ ಬಸ್ಸು ಬೇಕಾದಷ್ಟು ಉಂಟು. ರಾತ್ರಿ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಒಳಊರಿನ ಬಸ್ಸು ಹೋಗಿ ಆಗಿರುತ್ತದೆ. ರಿಕ್ಷಾಕ್ಕೆ ದಿನಾ ಕೊಡುವಷ್ಟು ಸಂಬಳ ಎಲ್ಲಿಂದ? ಸಾಲ ಮಾಡಿ ಸ್ಕೂಟರ್ ತೆಗೆದುಕೊಳ್ಳುತ್ತಾಳೆ. ಸ್ಕೂಟರ್ ಮನೆಗೆ ಬಂದ ಮೇಲೆ ಬೆಳಗ್ಗೆಯೂ ಅದರಲ್ಲೇ ಹೋಗುತ್ತಾಳೆ, ಕಂತು ಕಟ್ಟುತ್ತಾ ಬಸ್ಸಿಗೂ ಯಾರು ದುಡ್ಡು ಕೊಡುತ್ತಾರೆ? ಹೀಗೆ ರಾತ್ರಿ ಇಲ್ಲದ ಒಂದು ಬಸ್ಸು ಬೆಳಗಿನ ಬಸ್ಸನ್ನೂ ಖಾಲಿ ಮಾಡುತ್ತದೆ. ಬೆಳಗಿನ ಕಲೆಕ್ಷನ್ ಬಿದ್ದರೆ ಮಾಲೀಕರು ಇನ್ನೊಂದು ಟ್ರಿಪ್ ಕಡಿತ ಮಾಡುತ್ತಾರೆ. ಆ ರಾತ್ರಿ ಟ್ರಿಪ್ಪಿನಲ್ಲಿ ಎಂಟೇ ಜನ ಇದ್ದರೂ ಸರ್ಕಾರ ಅದರ ನಷ್ಟ ಕಟ್ಟಿಕೊಡಬೇಕು. ಖಾಸಗಿ ಬಸ್ಸಿನವರಿಗೂ ಕಿಲೋಮೀಟರ್ ಲೆಕ್ಕದಲ್ಲಿ ಕೊಡಬಹುದು. ಎಲೆಕ್ಟ್ರಿಕ್ ಬಸ್ಸಿನ ಗುತ್ತಿಗೆಗಳಲ್ಲಿ ಕಂಪನಿಗಳಿಗೆ ಹೀಗೆಯೇ ಕಿಲೋಮೀಟರಿಗೆ ಇಷ್ಟು ಎಂದು ದುಡ್ಡು ಹೋಗುತ್ತದೆ, ಟಿಕೆಟ್ ಎಷ್ಟು ಹರಿದರು ಅಂತ ಅಲ್ಲ. ಅದೇ ಕ್ರಮ ಪೆರ್ಲದ ಕೊನೆಯ ಬಸ್ಸಿಗೆ ಯಾಕೆ ಆಗಬಾರದು?

ಪ್ರಶ್ನೆ: ನಾನು ಮಂಗಳೂರಿನ ಕಾಲೇಜಿಗೆ ಹೋಗುವವಳು. ಎರಡು ರಾಜ್ಯದ ಗಡಿ ಇರುವುದರಿಂದ ನಮಗೆ ಬಸ್ಸಿನ ತೊಂದರೆ ತಪ್ಪಿದ್ದಲ್ಲ. ಇದನ್ನು ಸರಿ ಮಾಡಿದರೆ ಪರಿಸರಕ್ಕೂ ಒಳ್ಳೆಯದಲ್ವಾ?
– ವಿದ್ಯಾರ್ಥಿನಿ, ಹೊಸಂಗಡಿ

ಖಂಡಿತ ಒಳ್ಳೆಯದು ತಂಗಿ. ಗಡಿಯ ತಲಪಾಡಿಯಲ್ಲಿ ನಡೆಯುವುದನ್ನು ನೀನು ದಿನಾ ನೋಡುತ್ತೀ. ಮಂಗಳೂರಿನ ಸಿಟಿ ಬಸ್ಸು ಅಲ್ಲಿಗೆ ಬಂದು ಹಿಂದೆ ತಿರುಗುತ್ತದೆ. ಕಾಸರಗೋಡು ಕಡೆಯ ಖಾಸಗಿ ಬಸ್ಸೂ ಅಲ್ಲಿಯೇ ಹಿಂದೆ ತಿರುಗುತ್ತದೆ. ಜನ ಚೀಲ ಹಿಡಿದುಕೊಂಡು ಇಳಿದು, ನಡೆದು, ಆಚೆಯ ಬಸ್ಸು ಹತ್ತಬೇಕು. ನೇರವಾಗಿ ಹೋಗುವುದು ಎರಡೂ ರಾಜ್ಯದ ಕೆಎಸ್‌ಆರ್‌ಟಿಸಿ ಬಸ್ಸುಗಳು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಎಲ್ಲಕ್ಕೂ ನಮ್ಮವರು ಹೋಗುವುದು ಅಲ್ಲಿಗೇ. ಜನರ ದಿನನಿತ್ಯದ ಓಡಾಟದ ಮಟ್ಟಿಗೆ ಇದು ಒಂದೇ ಪಟ್ಟಣದ ಹಾಗೆ, ಕಾಗದದಲ್ಲಿ ಮಾತ್ರ ಎರಡು ರಾಜ್ಯ.

ಮೋಟಾರು ವಾಹನ ಕಾಯ್ದೆ ಪ್ರಕಾರ ಒಂದು ರಾಜ್ಯದ ಪರ್ಮಿಟ್ ಇನ್ನೊಂದು ರಾಜ್ಯದಲ್ಲಿ ನಡೆಯಬೇಕಾದರೆ ಅಲ್ಲಿಯ ಒಪ್ಪಿಗೆಯ ಸಹಿ ಬೇಕು, ಎಷ್ಟು ಬಸ್ಸು, ಎಷ್ಟು ಟ್ರಿಪ್ ಎಂದು ಎರಡೂ ಸರ್ಕಾರ ಕೂತು ಒಪ್ಪಂದ ಮಾಡಿಕೊಳ್ಳಬೇಕು. ಅಸಾಧ್ಯದ ಕೆಲಸ ಏನೂ ಅಲ್ಲ. ದೆಹಲಿ, ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನ ಸೇರಿ ದೆಹಲಿ ಸುತ್ತಲಿನ ಪ್ರದೇಶಕ್ಕೆ ಅಂಥ ಒಪ್ಪಂದ ಮಾಡಿಕೊಂಡಿವೆ. ದೊಡ್ಡ ನಗರಗಳ ಬಸ್ಸು, ರೈಲು, ಮೆಟ್ರೋ ಎಲ್ಲವನ್ನೂ ಒಟ್ಟಿಗೆ ನೋಡುವ ಪ್ರಾಧಿಕಾರಕ್ಕಾಗಿ ಕೇರಳ 2019ರಲ್ಲಿ ಕಾನೂನು ಮಾಡಿತು, ಬೆಂಗಳೂರಿಗೆ ಬೇಕಾಗಿ ಕರ್ನಾಟಕ 2022ರಲ್ಲಿ ಮಾಡಿತು. ಮಂಗಳೂರು–ಕಾಸರಗೋಡಿನ ಮಧ್ಯೆ ಇಬ್ಬರೂ ಸೇರಿ ಒಂದು ಸಣ್ಣ ಸಮಿತಿ ಮಾಡಿದರೂ ಸಾಕು. ಒಂದೇ ಪಾಸು, ಒಂದೇ ಟೈಮ್‌ಟೇಬಲ್, ತಲಪಾಡಿಯಲ್ಲಿ ಬಸ್ಸು ಬದಲಿಸುವ ಕೆಲಸ ಇಲ್ಲ. ಇಷ್ಟಾದರೆ ಎಷ್ಟೋ ಕಾರುಗಳು ಮನೆಯಲ್ಲೇ ಉಳಿಯುತ್ತವೆ.

ರೈಲನ್ನೂ ಮರೆಯಬಾರದು. ನಮ್ಮ ಲೈನು ವಿದ್ಯುದೀಕರಣ ಆಗಿದೆ, ಹಳಿ ಜೋಡಿ ಆಗಿದೆ. ಕೊರೊನಾ ನಂತರ ಪ್ಯಾಸೆಂಜರ್ ಗಾಡಿಗಳ ಕನಿಷ್ಠ ಟಿಕೆಟ್ 10 ರೂಪಾಯಿಯಿಂದ 30ಕ್ಕೆ ಏರಿತ್ತು, 2024ರಲ್ಲಿ ಮತ್ತೆ 10ಕ್ಕೆ ಇಳಿಯಿತು. ಆ ಮೂರ್ನಾಲ್ಕು ವರ್ಷದಲ್ಲಿ ಮಂಜೇಶ್ವರದಿಂದ ಉಳ್ಳಾಲಕ್ಕೆ ಹೋಗುವವರು ಬೈಕು ತೆಗೆದರೆ ತಪ್ಪು ಅವರದ್ದಲ್ಲ. ವಂದೇ ಭಾರತ್ ಬಂತೆಂದು ಎಲ್ಲರೂ ಖುಷಿಪಟ್ಟರು, ಬರಲಿ. ಆದರೆ ಮಂಜೇಶ್ವರ, ಉಪ್ಪಳ, ಕುಂಬಳೆಯಂಥ ಸ್ಟೇಷನ್ನಿಗೆ ಬೇಕಾದದ್ದು ಎಲ್ಲಾ ಕಡೆ ನಿಲ್ಲುವ, ಆಗಾಗ ಬರುವ, ವೇಗದ ಗಾಡಿಗೆ ದಾರಿ ಬಿಡಲು ಸುಮ್ನೆ ಅರ್ಧ ಗಂಟೆ ನಿಲ್ಲಿಸಿಡದ ಲೋಕಲ್ ಗಾಡಿ.

ಪ್ರಶ್ನೆ: ನನ್ನದು ಡೀಸೆಲ್ ರಿಕ್ಷಾ. ಎಲೆಕ್ಟ್ರಿಕ್ ತೆಗೆಯಲು ಎಲ್ಲರೂ ಹೇಳುತ್ತಾರೆ. ಸರ್ಕಾರ ನಮಗೆ ಏನು ಮಾಡಬೇಕು?
– ರಿಕ್ಷಾ ಚಾಲಕ, ಬದಿಯಡ್ಕ

ಅಣ್ಣಾ, ಲೆಕ್ಕ ನಿಮ್ಮ ಕಡೆಯೇ ಉಂಟು. ಡೀಸೆಲ್ ರಿಕ್ಷಾಕ್ಕೆ ಕಿಲೋಮೀಟರಿಗೆ ಸುಮಾರು ಮೂರು ರೂಪಾಯಿ ಎಣ್ಣೆ ಖರ್ಚಾಗುತ್ತದೆ, ಎಲೆಕ್ಟ್ರಿಕ್ ರಿಕ್ಷಾವನ್ನು ಮನೆಯಲ್ಲೇ ಚಾರ್ಜ್ ಮಾಡಿದರೆ ಒಂದು ರೂಪಾಯಿಗೂ ಕಡಿಮೆ. ಇಂಗಾಲವೂ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿಯುತ್ತದೆ. ಬಸ್ಸಿನ ಲೆಕ್ಕದಲ್ಲಿದ್ದ ಅನುಮಾನ ಇಲ್ಲಿ ಇಲ್ಲ. ಬ್ಯಾಟರಿ ವಾಹನಕ್ಕೆ ಪರ್ಮಿಟ್ ಬೇಡ ಎಂದು ಕೇಂದ್ರ 2018ರಲ್ಲೇ ಹೇಳಿದೆ.

ಕಷ್ಟ ಇರುವುದು ಮೊದಲ ದುಡ್ಡಿನಲ್ಲಿ ಮತ್ತು ಬ್ಯಾಟರಿ ಹೋದ ದಿನ ಏನು ಮಾಡುವುದು ಎಂಬ ಭಯದಲ್ಲಿ. ಸಾಲ ಕೊಡುವವರಿಗೂ ಅದೇ ಭಯ, ಹಾಗಾಗಿ ಬಡ್ಡಿ ಜಾಸ್ತಿ ಹಾಕುತ್ತಾರೆ. ಸರ್ಕಾರ ಸಬ್ಸಿಡಿ ಕೊಡುವುದಕ್ಕಿಂತ ಸಾಲಕ್ಕೆ ಜಾಮೀನು ನಿಂತರೆ ಹೆಚ್ಚು ಜನರಿಗೆ ಉಪಕಾರ ಎಂದು ನನಗೆ ಅನ್ನಿಸುತ್ತದೆ. ಇನ್ನೊಂದು, ಚಾರ್ಜಿಂಗ್. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ ವಿದ್ಯುತ್ ಕಂಬಗಳಿಗೇ ರಿಕ್ಷಾ, ಸ್ಕೂಟರಿನ ಚಾರ್ಜರ್ ಕೂರಿಸಿದೆ, ಒಳ್ಳೆಯ ಯೋಚನೆ ಅದು. ಆದರೆ ಅದು ರಿಕ್ಷಾ ಸ್ಟ್ಯಾಂಡಿನ ಪಕ್ಕದ ಕಂಬಕ್ಕೇ ಇರಬೇಕು, ನಿಮ್ಮ ಸರದಿ ಬರುವ ತನಕ ನಿಂತಲ್ಲೇ ಚಾರ್ಜ್ ಆಗುವ ಹಾಗೆ. ಮಧ್ಯಾಹ್ನ ಬಾಡಿಗೆ ಕಡಿಮೆ, ಬಿಸಿಲು ಜಾಸ್ತಿ. ಕೇಂದ್ರದ 2024ರ ಮಾರ್ಗಸೂಚಿಯಲ್ಲೂ ಬೆಳಗ್ಗೆ 9ರಿಂದ ಸಂಜೆ 4ರ ತನಕ ಚಾರ್ಜಿಂಗ್ ದರ ಕಡಿಮೆ ಇರಬೇಕು ಎಂದಿದೆ. ನಿಮ್ಮ ಊರಿನಿಂದ ಸ್ವಲ್ಪ ದೂರದಲ್ಲೇ ಪೈವಳಿಕೆ, ಮೀಂಜ, ಚಿಪ್ಪಾರಿನ ಗುಡ್ಡಗಳ ಮೇಲೆ 50 ಮೆಗಾವಾಟಿನ ಸೋಲಾರ್ ಘಟಕ 2021ರ ಫೆಬ್ರವರಿಯಲ್ಲಿ ಉದ್ಘಾಟನೆ ಆಗಿದೆ. ಅಂಬಲತ್ತರದಲ್ಲಿ ಇನ್ನೊಂದು 50 ಮೆಗಾವಾಟ್. ನಮ್ಮ ಜಿಲ್ಲೆಯ ಬಿಸಿಲು ಹಗಲು ಕರೆಂಟ್ ಕೊಡುತ್ತಿರುವಾಗ ರಿಕ್ಷಾಗಳು ರಾತ್ರಿ ಕಲ್ಲಿದ್ದಲಿನ ಕರೆಂಟಿನಲ್ಲಿ ಚಾರ್ಜ್ ಆಗುವುದು ಬೇಡ.

ಪ್ರಶ್ನೆ: ಆರು ಪಥದ ಹೆದ್ದಾರಿ ಆದ ಮೇಲೆ ಟ್ರಾಫಿಕ್ ಜಾಮ್ ಕಡಿಮೆಯಾಗಿದೆ. ಜಾಮ್ ಇಲ್ಲದಿದ್ದರೆ ಹೊಗೆಯೂ ಕಡಿಮೆ ಅಲ್ವಾ?
– ಓದುಗರು, ಉಪ್ಪಳ

ಸ್ವಲ್ಪ ದಿನಕ್ಕೆ ಹೌದು. ನಿಂತು ನಿಂತು ಹೋಗುವ ಎಂಜಿನ್ನಿಗಿಂತ ಒಂದೇ ಹದದಲ್ಲಿ ಹೋಗುವುದು ಕಡಿಮೆ ಎಣ್ಣೆ ಕುಡಿಯುತ್ತದೆ. ಆದರೆ ರಸ್ತೆ ಅಗಲ ಆದಷ್ಟೂ ವಾಹನ ಬಂದು ತುಂಬಿಕೊಳ್ಳುವುದು ಪ್ರಪಂಚದ ಎಷ್ಟೋ ಊರುಗಳ ಅನುಭವ. ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದವರೂ ಈಗ ಕಾರಿನಲ್ಲಿ ಒಂದು ಗಂಟೆಯೊಳಗೆ ಮಂಗಳೂರು ಮುಟ್ಟಬಹುದು ಎಂದು ಹೊರಡುತ್ತಾರೆ.

ನನ್ನನ್ನು ಹೆಚ್ಚು ಕಾಡುವುದು ನಡೆಯುವವರ ವಿಷಯ. ಕುಂಬಳೆಗೂ ಉಪ್ಪಳಕ್ಕೂ ಮಧ್ಯೆ ಒಂದು ಸಂಜೆ ಕಂಡದ್ದನ್ನು ಹೇಳುತ್ತೇನೆ. ಬಸ್ಸಿನಿಂದ ಇಳಿದ ಒಬ್ಬ ಅಜ್ಜಿ, ಕೈಯಲ್ಲಿ ಆಸ್ಪತ್ರೆಯ ಫೈಲು, ಮದ್ದಿನ ತೊಟ್ಟೆ. ಮನೆ ರಸ್ತೆಯ ಆಚೆ ಬದಿ, ಕಣ್ಣಿಗೆ ಕಾಣುತ್ತದೆ. ಮಧ್ಯದಲ್ಲಿ ಗೋಡೆ. ದಾಟಬೇಕಾದರೆ ಅಂಡರ್‌ಪಾಸಿನ ತನಕ ಸರ್ವಿಸ್ ರೋಡಿನಲ್ಲಿ ನಡೆಯಬೇಕು, ಆ ರೋಡಿನಲ್ಲಿ ಎರಡೂ ಕಡೆಯಿಂದ ವಾಹನ, ನಡೆಯಲು ಉಳಿದದ್ದು ಚರಂಡಿಯ ಸ್ಲ್ಯಾಬ್ ಮಾತ್ರ, ಅದರಲ್ಲೂ ಒಂದೆರಡು ಕಡೆ ಸ್ಲ್ಯಾಬ್ ಎದ್ದಿದೆ. ಹಳೆಯ ಬಸ್ ಶೆಲ್ಟರ್ ರಸ್ತೆ ಅಗಲ ಮಾಡುವಾಗ ಹೋಯಿತು. ಅಜ್ಜಿ ಮಗನಿಗೆ ಫೋನ್ ಮಾಡಿದರು. ಅವನು ಬೈಕಿನಲ್ಲಿ ಸುತ್ತು ಹಾಕಿ ಬಂದು ಕರೆದುಕೊಂಡು ಹೋದ. ನಡೆದು ಮುಗಿಯುತ್ತಿದ್ದ ದಾರಿಗೆ ಈಗ ಪೆಟ್ರೋಲ್ ಬೇಕು. ಇಂಥದ್ದು ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ.

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೇ ವಾಹನ ಮುಖ್ಯ ಅಲ್ಲ, ಜನ ಮುಖ್ಯ ಎಂಬ ಮಾತುಂಟು. ಚೆನ್ನೈ ಮಹಾನಗರಪಾಲಿಕೆ 2014ರಲ್ಲಿ ನಡೆಯುವವರಿಗೂ ಸೈಕಲಿನವರಿಗೂ ಅಂತಲೇ ಒಂದು ನೀತಿ ಮಾಡಿ, ಸಾರಿಗೆಯ ಹಣದಲ್ಲಿ ನೂರರಲ್ಲಿ 60 ಭಾಗ ಅವರಿಗೇ ಇಡಬೇಕು ಎಂದಿತು. ನಮ್ಮಲ್ಲಿ ಅಷ್ಟು ಬೇಡ. ಪ್ರತಿ ಬಸ್ ಸ್ಟಾಪಿನ ಹತ್ತಿರ ಮೆಟ್ಟಿಲು ಮಾತ್ರ ಅಲ್ಲ, ಇಳಿಜಾರೂ ಇರುವ ಒಂದು ದಾಟುವ ದಾರಿ, ಮಳೆಗೆ ನಿಲ್ಲಲು ಒಂದು ಮಾಡು ಇದ್ದರೆ ಸಾಕು. ಜೂನ್ ತಿಂಗಳಲ್ಲಿ ಇಲ್ಲಿ ಮಾಡು ಇಲ್ಲದ ಸ್ಟಾಪಿನಲ್ಲಿ ಯಾರೂ ಬಸ್ಸಿಗೆ ಕಾಯುವುದಿಲ್ಲ ಮಾರಾಯ್ರೇ.

ಪ್ರಶ್ನೆ: ನಮ್ಮ ಹೊಸೂರು, ಕೃಷ್ಣಗಿರಿ ಭಾಗದಲ್ಲೇ ಎಲೆಕ್ಟ್ರಿಕ್ ಸ್ಕೂಟರ್ ತಯಾರಾಗುತ್ತದೆ. ಎಲ್ಲರೂ ಅದನ್ನೇ ಕೊಂಡರೆ ಸಮಸ್ಯೆ ಮುಗಿಯಿತಲ್ಲ?
– ಓದುಗರು, ಹೊಸೂರು

ಅರ್ಧ ಮುಗಿಯುತ್ತದೆ. ಪೆಟ್ರೋಲ್ ಸ್ಕೂಟರಿನ 50 ಗ್ರಾಂ ಇದ್ದದ್ದು ಎಲೆಕ್ಟ್ರಿಕ್‌ನಲ್ಲಿ, ಈಗಿನ ಕರೆಂಟಿನಲ್ಲೂ, ಸುಮಾರು 20 ಗ್ರಾಂ ಆಗುತ್ತದೆ. ಸ್ಕೂಟರ್ ಬಿಡಲಾಗದವರು ಅದನ್ನೇ ತೆಗೆದುಕೊಳ್ಳಲಿ. ಆದರೆ ಅತ್ತಿಬೆಲೆ ಗಡಿಯಲ್ಲಿ ಬೆಳಗ್ಗೆ ಆಗುವ ಜಾಮ್ ಬ್ಯಾಟರಿಯಿಂದ ಕರಗುವುದಿಲ್ಲ. ಬೆಂಗಳೂರಿನ ಮೆಟ್ರೋದ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದ ತನಕ ಬಂದಿದೆ. ಹೊಸೂರಿನಿಂದ ಅಲ್ಲಿಗೆ ಹತ್ತು ನಿಮಿಷಕ್ಕೊಂದು ಬಸ್ಸು ಓಡಿಸುವುದು ಮೆಟ್ರೋ ವಿಸ್ತರಣೆಗಿಂತ ಎಷ್ಟೋ ಅಗ್ಗ, ಬೇಗ ಶುರು ಮಾಡಬಹುದಾದ ಕೆಲಸ. ಇಲ್ಲೂ ಎರಡು ರಾಜ್ಯದ ಒಪ್ಪಂದವೇ ಬೇಕು, ನಮ್ಮ ತಲಪಾಡಿಯ ಕಥೆಯೇ.

ಪ್ರಶ್ನೆ: ಕಬ್ಬಿನ ಎಥೆನಾಲ್ ಬೆರೆಸಿದರೆ ಪೆಟ್ರೋಲ್ ಶುದ್ಧವಾಗುತ್ತದೆ ಎನ್ನುತ್ತಾರೆ, ನಿಜವೇ?
– ರೈತರು, ಅಕ್ಕಲಕೋಟೆ

ದೇಶದಲ್ಲಿ ಶೇ. 20ರ ಮಿಶ್ರಣದ ಗುರಿ 2025ರಲ್ಲಿ ತಲುಪಿತು. ಕಬ್ಬು ಬೆಳೆಯುವಾಗ ಗಾಳಿಯ ಇಂಗಾಲ ಹೀರುವುದರಿಂದ ಸ್ವಲ್ಪ ಲಾಭ ಉಂಟು. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಶಕ್ತಿ ಕಡಿಮೆ, ಮೈಲೇಜ್ ತುಸು ಬೀಳುತ್ತದೆ. ಸೊಲ್ಲಾಪುರದಂಥ ಬರದ ಜಿಲ್ಲೆಯಲ್ಲಿ ಕಬ್ಬಿಗೆ ಸುರಿಯುವ ನೀರು ಎಷ್ಟೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನನ್ನ ಲೆಕ್ಕದಲ್ಲಿ ಇದು ರೈತರಿಗೆ ದುಡ್ಡು ತರುವ ಯೋಜನೆ, ನಗರದ ಹೊಗೆಗೆ ದೊಡ್ಡ ಪರಿಹಾರ ಅಲ್ಲ.

ಪ್ರಶ್ನೆ: ಹೆಂಗಸರಿಗೆ ಬಸ್ಸು ಉಚಿತ ಮಾಡಿದ್ದರಿಂದ ಪರಿಸರಕ್ಕೆ ಏನಾದರೂ ಆಯಿತೇ?
– ಗೃಹಿಣಿ, ರಾಯದುರ್ಗ

ತಮಿಳುನಾಡು 2021ರ ಮೇ ತಿಂಗಳಲ್ಲಿ, ಕರ್ನಾಟಕ 2023ರ ಜೂನ್ 11ರಂದು, ನಿಮ್ಮ ಆಂಧ್ರ 2025ರ ಆಗಸ್ಟ್ 15ರಂದು ಇದನ್ನು ಶುರು ಮಾಡಿದವು. ಅಕ್ಕಾ, ಇದು ಮೊದಲಿಗೆ ನ್ಯಾಯದ ಕೆಲಸ, ಕೂಲಿಗೆ ಹೋಗುವ ಹೆಂಗಸಿನ ಕೈಯಲ್ಲಿ ದಿನಕ್ಕೆ ನಾಲ್ಕು ಕಾಸು ಉಳಿಯುತ್ತದೆ. ಇಂಗಾಲದ ಮಟ್ಟಿಗೆ ಕೂಡಲೇ ದೊಡ್ಡ ಇಳಿಕೆ ಸಿಗುವುದಿಲ್ಲ, ಯಾಕೆಂದರೆ ಅವರಲ್ಲಿ ಹೆಚ್ಚಿನವರ ಹತ್ತಿರ ಮೊದಲೂ ಕಾರು, ಬೈಕು ಇರಲಿಲ್ಲ. 2013ರಲ್ಲಿ ಎಸ್ಟೋನಿಯಾದ ಟ್ಯಾಲಿನ್ ನಗರ ತನ್ನ ನಿವಾಸಿಗಳಿಗೆ ಬಸ್ಸು ಉಚಿತ ಮಾಡಿತು, 2020ರಲ್ಲಿ ಲಕ್ಸೆಂಬರ್ಗ್ ಇಡೀ ದೇಶದಲ್ಲಿ ಮಾಡಿತು. ಎರಡೂ ಕಡೆ ಕಾರಿನವರು ಅಷ್ಟಕ್ಕೇ ಕಾರು ಬಿಡಲಿಲ್ಲ. ಜನ ಹೆಚ್ಚಾದ ಹಾಗೆ ಬಸ್ಸೂ ಹೆಚ್ಚಬೇಕು. ನೂಕುನುಗ್ಗಲು ಕಂಡು ಗಂಡಸರು ಬೈಕಿಗೆ ಹೋದರೆ ಸಿಕ್ಕಿದ ಲಾಭವೂ ಕೈತಪ್ಪುತ್ತದೆ.

ಪ್ರಶ್ನೆ: ಲಂಡನ್‌ನಲ್ಲಿ ಪೇಟೆಯೊಳಗೆ ಕಾರು ತಂದರೆ ಶುಲ್ಕ ಕಟ್ಟಬೇಕಂತೆ. ನಮ್ಮಲ್ಲೂ ಹಾಗೆ ಮಾಡಬಹುದಾ? ಬಸ್ಸು ಬೇಕೆಂದರೆ ನಾವು ಯಾರನ್ನು ಕೇಳಬೇಕು?
– ವ್ಯಾಪಾರಿ, ಕಾಸರಗೋಡು ಹಳೆ ಬಸ್ ಸ್ಟ್ಯಾಂಡ್ ಹತ್ತಿರ

ಲಂಡನ್ 2003ರ ಫೆಬ್ರವರಿಯಲ್ಲಿ 5 ಪೌಂಡಿನಿಂದ ಶುರು ಮಾಡಿತು. ಸಿಂಗಪುರ ಅದಕ್ಕೂ ಮೊದಲೇ, 1975ರಲ್ಲಿ. ಸ್ಟಾಕ್‌ಹೋಮ್ 2006ರಲ್ಲಿ ಕೆಲವು ತಿಂಗಳು ಪ್ರಯೋಗ ಮಾಡಿ ನೋಡಿತು, ಶುಲ್ಕದ ಗೆರೆ ದಾಟುವ ವಾಹನಗಳು ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾದವು, ಜನರ ಮತ ಕೇಳಿ 2007ರಲ್ಲಿ ಕಾಯಂ ಮಾಡಿತು. ಇದರಲ್ಲಿ ಗಮನಿಸಬೇಕಾದ್ದು ಒಂದುಂಟು. ಶುಲ್ಕ ಹಾಕುವ ಮೊದಲೇ ಸ್ಟಾಕ್‌ಹೋಮ್ ಸುಮಾರು 200 ಹೊಸ ಬಸ್ಸು ರಸ್ತೆಗಿಳಿಸಿತ್ತು. ಬಸ್ಸು ಕೊಡದೆ ಶುಲ್ಕ ಹಾಕಿದರೆ ಅದು ಬರೀ ದಂಡ.

ಕಾಸರಗೋಡಿಗೆ ಅದು ಬೇಡ. ಇಲ್ಲಿಗೆ ಪಾರ್ಕಿಂಗ್ ಶುಲ್ಕ ಸಾಕು. ನಿಮ್ಮ ಅಂಗಡಿ ಎದುರು ಬೆಳಗ್ಗೆ ನಿಲ್ಲಿಸಿದ ಕಾರು ಸಂಜೆ ತನಕ ಅಲ್ಲೇ ಇದ್ದರೆ ಗಿರಾಕಿ ನಿಲ್ಲಿಸಲು ಜಾಗ ಇಲ್ಲ, ಬಸ್ಸು ತಿರುಗಲು ಜಾಗ ಇಲ್ಲ. ಮೊದಲ ಅರ್ಧ ಗಂಟೆ ಉಚಿತ, ಆಮೇಲೆ ಗಂಟೆಗಂಟೆಗೂ ಏರುವ ದರ ಇಡಲಿ. ಆ ದುಡ್ಡು ಆ ರಸ್ತೆಯ ಫುಟ್‌ಪಾತಿಗೇ ಹೋಗಲಿ, ಬೇರೆ ಕಡೆ ಹೋದರೆ ಯಾರೂ ಒಪ್ಪುವುದಿಲ್ಲ. ವ್ಯಾಪಾರ ಕಡಿಮೆಯಾಗುತ್ತದೆ ಎಂಬ ಹೆದರಿಕೆ ಇರುವುದು ಸಹಜ. ಚೆನ್ನೈಯ ಪಾಂಡಿ ಬಜಾರಿನಲ್ಲಿ 2019ರಲ್ಲಿ ಫುಟ್‌ಪಾತ್ ಅಗಲ ಮಾಡುವಾಗ ಅಲ್ಲಿಯವರೂ ಹೆದರಿದ್ದರು, ಒಮ್ಮೆ ಹೋಗಿ ನೋಡಿ ಬನ್ನಿ.

ಬಸ್ಸಿನ ಪರ್ಮಿಟ್ಟು, ಟೈಮಿಂಗ್ ಎಲ್ಲಾ ತೀರ್ಮಾನ ಆಗುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರದಲ್ಲಿ, ಅಂದರೆ ಆರ್‌ಟಿಎಯಲ್ಲಿ. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಸಭೆಗೆ ಸಾಮಾನ್ಯವಾಗಿ ಬರುವುದು ಬಸ್ ಮಾಲೀಕರು ಮತ್ತು ಅವರ ವಕೀಲರು, ಪ್ರಯಾಣಿಕರ ಪರವಾಗಿ ಮಾತಾಡುವವರು ತೀರಾ ಕಡಿಮೆ. ಅರ್ಜಿ ಕನ್ನಡದಲ್ಲೇ ಕೊಡಿ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. 'ಬಸ್ಸು ಕಡಿಮೆ, ಕ್ರಮ ಕೈಗೊಳ್ಳಿ' ಎಂದು ಬರೆದರೆ ಫೈಲಿನೊಳಗೆ ಹೋಗಿ ಕೂರುತ್ತದೆ. ಯಾವ ರೂಟು, ಯಾವ ಸ್ಟಾಪು, ಎಷ್ಟು ಗಂಟೆಯಿಂದ ಎಷ್ಟು ಗಂಟೆ ತನಕ ಬಸ್ಸಿಲ್ಲ, ಆ ಹೊತ್ತಿಗೆ ಎಷ್ಟು ಜನ ಕಾಯುತ್ತಾರೆ ಎಂದು ಬರೆಯಿರಿ. ಒಂದು ವಾರ ನಿಂತು ಎಣಿಸಿ, ಅಂಗಡಿಯ ಕೆಲಸದವರ ಸಹಿ ಹಾಕಿಸಿ, ಅರ್ಜಿ ಮುಟ್ಟಿದ್ದಕ್ಕೆ ರಶೀದಿ ತೆಗೆದುಕೊಳ್ಳಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.